ಹಡಗೆಂಬ ಮೊದಲ ತರಗತಿ

ಶಹಾಬಾದಿನ ಮಗ್ಗುಲಲ್ಲಿರುವ ಭಂಕೂರಿಗೆ ಹೋಗಿ ‘ಇಲ್ಲಿ ಸಮುದ್ರ ಎಲ್ಲಿದೆ?’ ಎಂದು ಕೇಳಿದರೆ ಜನ ನಕ್ಕಾರು. ಇದು ತೊಗರಿ, ಜೋಳಗಳ ಸೀಮೆ. ಮುಂಬಯಿಯ ಕಡಲು ರೈಲುದಾರಿಯಲ್ಲಿ ಸುಮಾರು ೬೦೦ ಕಿಲೋಮೀಟರ್ ದೂರ. ಇದೇ ಪ್ರಶ್ನೆಯನ್ನು ಭೂವಿಜ್ಞಾನಿಗಳಿಗೆ ಕೇಳಿದರೆ ಅವರು ನಗುವುದಿಲ್ಲ. ಕಾಲಡಿಗೆ ಬೆರಳು ತೋರಿಸುತ್ತಾರೆ. ನಾಡಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ತಂಪಾಗಿ ಹಾಸಿಕೊಂಡಿರುವ ಶಹಾಬಾದ್ ಪರಸಿ, ವಾಡಿ–ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳು ಅರೆದು ಸುಡುವ ಸುಣ್ಣಕಲ್ಲು, ಎಲ್ಲವೂ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲೊಂದರ ತಳದಲ್ಲಿ ಪದರ ಪದರವಾಗಿ ಕೂಡಿಬಿದ್ದ ಕೆಸರು. ಪರಸಿ ಕಲ್ಲು ಉಳಿಯ ಏಟಿಗೆ ಹಲಗೆಯಂತೆ ಏಳುವುದು ಈ ಪದರಗಳಿಂದಲೇ.

ಕಲ್ಲಾದ ಆ ಕಡಲಿನ ಮೇಲೆಯೇ ನಿಜವಾದ ಕಡಲಿಗೆ ಒಯ್ಯುವ ದಾರಿಯೂ ಹಾದುಹೋಗಿದೆ. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಗಳನ್ನು ಹಾದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ೧೮೭೧ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ರೈಲುದಾರಿಯನ್ನು ಕೂಡಿಕೊಂಡಿತು. ೧೮೭೪ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿತು. ಅಂದಿನಿಂದ ಹೈದರಾಬಾದಿನವರಿರಲಿ, ಮದ್ರಾಸಿನವರಿರಲಿ, ಮುಂಬಯಿಯ ಬಂದರಿಗೆ ನೇರವಾಗಿ ಹೋಗಬೇಕೆಂದರೆ ಈ ಕಲ್ಲಿನ ಸೀಮೆಯನ್ನು ದಾಟಿಯೇ ಹೋಗಬೇಕಾಯಿತು. ಹಾಗೆ ದಾಟಿದವರಲ್ಲಿ ವ್ಯಾಪಾರಿಗಳಿದ್ದರು, ಅಧಿಕಾರಿಗಳಿದ್ದರು. ಜೊತೆಗೆ ಟ್ರಂಕಿನ ಮೇಲೆ ಹೆಸರು ಬರೆಸಿಕೊಂಡು ವಿಲಾಯತಿಗೆ ಓದಲು ಹೊರಟ ಎಳೆಯರೂ ಇದ್ದರು.

ವಿದೇಶದಲ್ಲಿ ಓದಿ ಬಂದವರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್ ಎಂದು ಅವರು ಹೋಗಿ ಸೇರಿದ ಊರಿನಿಂದ ಆರಂಭಿಸುತ್ತೇವೆ. ನಡುವೆ ಅವರು ಹಡಗಿನಲ್ಲಿ ಕಳೆದ ಎರಡು ಮೂರು ವಾರಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವರವರ ಬರಹಗಳನ್ನೂ ಜೀವನ ಚರಿತ್ರೆಗಳನ್ನೂ ಓದಿದಾಗ ತಿಳಿಯುವ ಸಂಗತಿ ಎಂದರೆ, ಅನೇಕರಿಗೆ ಹಡಗೇ ಮೊದಲ ತರಗತಿಯಾಗಿತ್ತು. ಕೆಲವರ ವಿಷಯದಲ್ಲಂತೂ ಅವರ ಬದುಕಿನ ಮುಖ್ಯ ಕೆಲಸ ಮೊಳೆತದ್ದೇ ಅಲ್ಲಿ.

ನೋಡದೆ ವರ್ಣಿಸಿದ ಕಡಲು

ಒಳನಾಡಿನ ಕನ್ನಡಕ್ಕೆ ಕಡಲಿನ ಪರಿಚಯ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕ್ರಿ.ಶ. ೮೫೧ರ ಸುಮಾರಿನ ಅರಬ್ ವರ್ತಕ ಸುಲೇಮಾನನ ಹೆಸರಿನಲ್ಲಿ ಉಳಿದಿರುವ ವೃತ್ತಾಂತವು ‘ಬಲ್ಹರಾ’ ಎಂದು ಕರೆಯುವ ದೊರೆ ಈ ರಾಷ್ಟ್ರಕೂಟ ದೊರೆಯೇ. ಕಾಗಿಣಾ ನದಿಯ ದಡದಲ್ಲಿದ್ದ ಅರಸನ ಕೀರ್ತಿಯನ್ನು ಅರಬ್ಬೀ ಸಮುದ್ರದಾಚೆಗೆ ಒಯ್ದವರು ಹಡಗಿನ ವ್ಯಾಪಾರಿಗಳು.

ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಅದಕ್ಕೆ ಆಧಾರವಾದ ದಂಡಿಯ ‘ಕಾವ್ಯಾದರ್ಶ’ವು ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳ ಪಟ್ಟಿಯನ್ನು ಕೊಡುತ್ತದೆ. ನಗರ, ಪರ್ವತ, ಋತು, ಚಂದ್ರೋದಯಗಳ ಜೊತೆಗೆ ಸಮುದ್ರವೂ ಅದರಲ್ಲಿ ಇದೆ. ಮುಂದೆ ಅಷ್ಟಾದಶ ವರ್ಣನೆ ಎಂಬುದು ಕನ್ನಡ ಕಾವ್ಯಕ್ಕೆ ಒಂದು ಕಟ್ಟಳೆಯೇ ಆಯಿತು. ಕರಾವಳಿಯ ಜನ ದಿನವೂ ನೋಡುತ್ತಿದ್ದ ಕಡಲು ಬೇರೆ, ಒಳನಾಡಿನ ಪಂಡಿತರು ಶಾಸ್ತ್ರಕ್ಕೆ ತಕ್ಕಂತೆ ವರ್ಣಿಸಿದ ಕಡಲು ಬೇರೆ. ಕಾವ್ಯದ ಕಡಲನ್ನು ವರ್ಣಿಸಲು ಅದನ್ನು ಕಣ್ಣಾರೆ ಕಾಣಲೇಬೇಕೆಂಬ ಕಡ್ಡಾಯ ಇರಲಿಲ್ಲ; ಅದು ಓದಿನಿಂದಲೇ ಬರುತ್ತಿತ್ತು. ಒಳನಾಡಿನ ಓದುಗನೊಬ್ಬ ಆ ಕಡಲಿನ ಮೇಲೆ ವಾರಗಟ್ಟಲೆ ಬದುಕುವಂತೆ ಮಾಡಿದ್ದು ಉಗಿಹಡಗು.

ದಡ ಬಿಡುವ ಬೆಲೆ

೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದಕ್ಕೆ ಮೊದಲು ಯುರೋಪಿಗೆ ಹೋಗುವ ಹಡಗು ಇಡೀ ಆಫ್ರಿಕಾ ಖಂಡವನ್ನು ಬಳಸಿ ಹೋಗಬೇಕಿತ್ತು, ತಿಂಗಳುಗಳು ಹಿಡಿಯುತ್ತಿದ್ದವು. ಕಾಲುವೆ ಮತ್ತು ಉಗಿಯಂತ್ರ ಎರಡೂ ಸೇರಿ ಈ ಪ್ರಯಾಣವನ್ನು ಕೆಲವು ವಾರಗಳಿಗೆ ಇಳಿಸಿದವು. ಮುಂಬಯಿ ಬಿಟ್ಟರೆ ಏಡನ್, ಅಲ್ಲಿಂದ ಕೆಂಪು ಸಮುದ್ರ, ಸೂಯೆಜ್, ಪೋರ್ಟ್ ಸಯ್ಯದ್, ಮೆಡಿಟರೇನಿಯನ್. ಅವಸರವಿದ್ದವರು ಫ್ರಾನ್ಸಿನ ಮಾರ್ಸೇಲ್ಸಿನಲ್ಲೋ ಇಟಲಿಯ ಬಂದರಿನಲ್ಲೋ ಇಳಿದು ರೈಲು ಹಿಡಿಯುತ್ತಿದ್ದರು. ಉಳಿದವರು ಸ್ಪೇನನ್ನು ಬಳಸಿಕೊಂಡು ಇಂಗ್ಲೆಂಡಿನ ಬಂದರಿನವರೆಗೂ ಹಡಗಿನಲ್ಲೇ ಇರುತ್ತಿದ್ದರು.

ದಾರಿ ಸುಲಭವಾದರೂ ಹೊರಡುವುದು ಸುಲಭವಾಗಿರಲಿಲ್ಲ. ಸಮುದ್ರ ದಾಟಿದವನು ಜಾತಿಗೆ ಹೊರಗು ಎಂಬ ನಂಬಿಕೆ ಬಲವಾಗಿತ್ತು. ೧೮೮೮ರಲ್ಲಿ ಹದಿನೆಂಟರ ಹುಡುಗ ಮೋಹನದಾಸ ಗಾಂಧಿ ಬ್ಯಾರಿಸ್ಟರಿಕೆ ಓದಲು ಹೊರಟಾಗ ಅವರ ಜಾತಿಯ ಪಂಚರು ಸಭೆ ಸೇರಿಸಿ ಬಹಿಷ್ಕಾರ ಹಾಕಿದರು. ಹುಡುಗನಿಗೆ ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ! ಗಾಂಧೀಜಿ ಸೆಪ್ಟೆಂಬರ್ ೪ರಂದು ಮುಂಬಯಿಯಿಂದ ಹಡಗು ಹತ್ತಿದರು.

ಗಂಡುಮಕ್ಕಳ ಪಾಡೇ ಹೀಗಿದ್ದಾಗ ಹೆಣ್ಣುಮಕ್ಕಳದ್ದನ್ನು ಹೇಳಬೇಕಾಗಿಲ್ಲ. ಆದರೂ ೧೮೯೫ರಲ್ಲಿ ಹೈದರಾಬಾದಿನಿಂದ ಹದಿನಾರರ ಹುಡುಗಿಯೊಬ್ಬಳು ನಿಜಾಮರ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೊರಟಳು. ಮುಂದೆ ಸರೋಜಿನಿ ನಾಯಿಡು ಎಂದು ಹೆಸರಾದ ಸರೋಜಿನಿ ಚಟ್ಟೋಪಾಧ್ಯಾಯ ಆಕೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಅನಂತರ ಕೇಂಬ್ರಿಜ್‌ನ ಗರ್ಟನ್‌ನಲ್ಲಿ ಓದಿ ೧೮೯೮ರಲ್ಲಿ ಹಿಂತಿರುಗಿದರು. ಆಗ ಭಂಕೂರು, ಚಿತ್ತಾಪುರ, ಸೇಡಂಗಳೂ ಅದೇ ಹೈದರಾಬಾದ್ ಸಂಸ್ಥಾನದ ಊರುಗಳು. ಸಂಸ್ಥಾನದ ವೇತನದ ಬಾಗಿಲು ರಾಜಧಾನಿಯ ವಿದ್ಯಾವಂತ ಮನೆತನಗಳಿಗೆ ಹತ್ತಿರ, ಈ ಭಾಗದ ಕನ್ನಡ ಹಳ್ಳಿಗಳಿಗೆ ಬಲು ದೂರ ಎಂಬುದನ್ನೂ ಇಲ್ಲಿ ಮರೆಯಬಾರದು. ಇಲ್ಲಿನ ಮಕ್ಕಳ ಪಾಲಿಗೆ ರೈಲು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಟಿಕೀಟು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ನೀರಿನ ಮೇಲಿನ ಪಾಠಗಳು

ಹಡಗು ಕಲಿಸುತ್ತಿದ್ದುದೇನು? ಮೊದಲನೆಯದು ಭೂಗೋಳ, ಪುಸ್ತಕದ್ದಲ್ಲ, ಕಣ್ಣೆದುರಿನದು. ಭೂಮಿ ಒಂದು ಗಂಟೆಗೆ ೧೫ ಡಿಗ್ರಿ ತಿರುಗುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಒಂದೊಂದು ಡಿಗ್ರಿ ಸರಿದಂತೆ ಗಡಿಯಾರವನ್ನು ನಾಲ್ಕು ನಿಮಿಷ ಹಿಂದಿಡಬೇಕು. ಮುಂಬಯಿಗೂ ಏಡನ್‌ಗೂ ನಡುವೆ ಸುಮಾರು ೨೮ ಡಿಗ್ರಿ ರೇಖಾಂಶಗಳ ಅಂತರ. ಐದು ದಿನಗಳಲ್ಲಿ ಅದನ್ನು ಕ್ರಮಿಸುವ ಹಡಗಿನಲ್ಲಿ ಗಡಿಯಾರ ದಿನಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಂದೆ ಸರಿಯುತ್ತದೆ. ಅಂದರೆ ಪ್ರಯಾಣಿಕನಿಗೆ ಪ್ರತಿದಿನವೂ ಇಪ್ಪತ್ತನಾಲ್ಕು ಗಂಟೆಗಿಂತ ಸ್ವಲ್ಪ ದೊಡ್ಡದು. ಇಂಗ್ಲೆಂಡ್ ತಲುಪುವ ಹೊತ್ತಿಗೆ ಊರಿನ ಗಡಿಯಾರಕ್ಕೂ ತನ್ನದಕ್ಕೂ ಐದೂವರೆ ಗಂಟೆಯ ವ್ಯತ್ಯಾಸ ಬಂದಿರುತ್ತದೆ; ಆದರೆ ಅದು ದಿನಕ್ಕಿಷ್ಟರಂತೆ ಬಂದುದರಿಂದ ಮೈಗೆ ಗೊತ್ತೇ ಆಗಿರುವುದಿಲ್ಲ.

ರಾತ್ರಿಯ ಪಾಠ ಇನ್ನೂ ಸೊಗಸು. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಕಾಣುತ್ತದೋ ಅದೇ, ಹೆಚ್ಚು ಕಡಿಮೆ, ಆ ಸ್ಥಳದ ಅಕ್ಷಾಂಶ. ಭಂಕೂರಿನ ಬಯಲಲ್ಲಿ ಅದು ಸುಮಾರು ೧೭ ಡಿಗ್ರಿ ಎತ್ತರದಲ್ಲಿದೆ. ಏಡನ್ ಹತ್ತಿರ ೧೩ಕ್ಕೆ ಇಳಿಯುತ್ತದೆ. ಪೋರ್ಟ್ ಸಯ್ಯದ್‌ನಲ್ಲಿ ೩೧ಕ್ಕೆ ಏರುತ್ತದೆ. ಲಂಡನ್ ಸೇರಿದಾಗ ೫೧ ದಾಟಿರುತ್ತದೆ. ಡೆಕ್ಕಿನ ಮೇಲೆ ಅಡ್ಡಾಡುವ ವಿದ್ಯಾರ್ಥಿ ತಾನು ಭೂಮಿಯ ಉಬ್ಬನ್ನು ಹತ್ತಿ ಹೋಗುತ್ತಿರುವುದನ್ನು ನಕ್ಷತ್ರದ ಏರಿಕೆಯಿಂದಲೇ ಅಳೆಯಬಹುದಿತ್ತು.

ಎರಡನೆಯ ಪಾಠ ಊಟದ ಮೇಜಿನದು. ಚಮಚ, ಮುಳ್ಳುಚಮಚಗಳನ್ನು ಹಿಡಿಯುವ ಬಗೆ ಗೊತ್ತಿಲ್ಲ. ಯಾವ ಭಕ್ಷ್ಯದಲ್ಲಿ ಮಾಂಸವಿದೆ ಎಂದು ಕೇಳುವ ಧೈರ್ಯವಿಲ್ಲ. ಇಂಗ್ಲಿಷ್ ಮಾತಾಡಲು ನಾಲಗೆ ಹೊರಳದು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಈ ಪೇಚಾಟವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರು ಮೇಜಿನ ಬಳಿಗೇ ಹೋಗದೆ, ಊರಿನಿಂದ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ತಿನ್ನುತ್ತಿದ್ದರು. ಇಳಿಯುವ ದಿನಕ್ಕೆಂದು ಜೋಪಾನ ಮಾಡಿಟ್ಟ ಬಿಳಿಯ ಫ್ಲಾನೆಲ್ ಉಡುಪು ತೊಟ್ಟು ಇಂಗ್ಲೆಂಡಿನಲ್ಲಿ ಕಾಲಿಟ್ಟರೆ, ಅಂಥ ಬಟ್ಟೆಯಲ್ಲಿದ್ದವರು ಅವರೊಬ್ಬರೇ! ಈ ನಾಚಿಕೆಯೂ ಶಿಕ್ಷಣದ ಒಂದು ಭಾಗವೇ ಆಗಿತ್ತು.

ಡೆಕ್ಕಿನ ಮೇಲೆ ಹುಟ್ಟಿದ ಲೆಕ್ಕ

ಮೂರನೆಯದು ಬಿಡುವು. ಹಡಗಿನಲ್ಲಿ ಮಾಡಲು ಕೆಲಸವಿಲ್ಲ, ಇಳಿದು ಹೋಗಲು ಊರಿಲ್ಲ. ಈ ಬಿಡುವಿನಿಂದ ಏನಾಗಬಹುದೆಂಬುದಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಪ್ರಯಾಣಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಈ ಹುಡುಗನಿಗೆ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಲು ಸರ್ಕಾರಿ ವೇತನ ದೊರೆತಿತ್ತು. ೧೯೩೦ರ ಜುಲೈ ೩೧ರಂದು ಮುಂಬಯಿಯಲ್ಲಿ ‘ಪಿಲ್ಸ್ನಾ’ ಎಂಬ ಇಟಲಿಯ ಹಡಗು ಹತ್ತಿದಾಗ ವಯಸ್ಸು ಇನ್ನೂ ಹತ್ತೊಂಬತ್ತು. ಮುಂಗಾರಿನ ಅರಬ್ಬೀ ಸಮುದ್ರ. ಮೊದಲ ದಿನಗಳು ಓಲಾಟದಲ್ಲೇ ಕಳೆದವು. ಕಡಲು ಶಾಂತವಾದ ಮೇಲೆ ಆತ ಜೊತೆಗೊಯ್ದಿದ್ದ ಪುಸ್ತಕಗಳನ್ನು ತೆರೆದು ಲೆಕ್ಕಕ್ಕೆ ಕುಳಿತರು.

ಲೆಕ್ಕ ಸಾಯುವ ನಕ್ಷತ್ರಗಳದ್ದು. ಉರುವಲು ತೀರಿದ ನಕ್ಷತ್ರ ಕುಗ್ಗಿ ‘ಶ್ವೇತಕುಬ್ಜ’ವಾಗುತ್ತದೆ; ಒತ್ತೊತ್ತಾಗಿ ಸೇರಿದ ಇಲೆಕ್ಟ್ರಾನುಗಳ ಒತ್ತಡವೇ ಅದು ಇನ್ನಷ್ಟು ಕುಸಿಯದಂತೆ ತಡೆಯುತ್ತದೆ ಎಂದು ಆಗ ತಿಳಿದಿತ್ತು. ಅಷ್ಟು ಸಾಂದ್ರವಾದ ಕಡೆ ಇಲೆಕ್ಟ್ರಾನುಗಳು ಬೆಳಕಿನ ವೇಗವನ್ನು ಸಮೀಪಿಸುತ್ತವೆ. ಹಾಗಾದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡವೇ ಎಂಬುದು ಚಂದ್ರಶೇಖರರ ಪ್ರಶ್ನೆ. ಹಿಡಿದಾಗ ಬಂದ ಉತ್ತರ ಅವರನ್ನೇ ಬೆರಗಾಗಿಸಿತು. ಒಂದು ಮಿತಿಗಿಂತ ಹೆಚ್ಚು ತೂಕದ ನಕ್ಷತ್ರವನ್ನು ಆ ಒತ್ತಡ ಎತ್ತಿ ಹಿಡಿಯಲಾರದು. ಅದು ಕುಸಿಯುತ್ತಲೇ ಹೋಗಬೇಕು. ಆಗಸ್ಟ್ ೧೯ರಂದು ಹಡಗು ವೆನಿಸ್ ತಲುಪುವ ಹೊತ್ತಿಗೆ ‘ಚಂದ್ರಶೇಖರ್ ಮಿತಿ’ಯ ಬೀಜ ಅವರ ಕಾಗದಗಳಲ್ಲಿತ್ತು. ಇಂದು ಆ ಮಿತಿಯನ್ನು ಸೂರ್ಯನ ಸುಮಾರು ೧.೪ ಪಟ್ಟು ಎನ್ನುತ್ತಾರೆ. ೧೯೩೫ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಎಡಿಂಗ್ಟನ್ನರಂಥ ಹಿರಿಯರು ಇದನ್ನು ಗೇಲಿ ಮಾಡಿದರು. ೧೯೮೩ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಯಾವ ಗುರುವೂ ಪಕ್ಕದಲ್ಲಿಲ್ಲದ ಹಡಗಿನಲ್ಲಿ ಆ ಲೆಕ್ಕ ಧೈರ್ಯವಾಗಿ ಮುಂದುವರಿಯಿತು ಎಂಬುದು ಗಮನಿಸಬೇಕಾದ ಮಾತು.

ಅಲೆಯ ಲಯ ಕನ್ನಡಕ್ಕೆ ಬಂದದ್ದು

ಕನ್ನಡಕ್ಕೆ ಹಡಗು ಕೊಟ್ಟ ಕಾಣಿಕೆ ಬೇರೆಯದು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ೧೯೦೯ರಲ್ಲಿ, ಕಡಲಿಲ್ಲದ ಸವಣೂರಿನಲ್ಲಿ. ಓದಿದ್ದು ಧಾರವಾಡದಲ್ಲಿ, ಬೇಂದ್ರೆಯವರ ಗೆಳೆಯರ ಗುಂಪಿನ ನೆರಳಲ್ಲಿ ಕವಿಯಾದವರು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ೧೯೩೬ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೊರಟರು. ಎರಡು ವರ್ಷ ಓದಿ ಪ್ರಥಮ ದರ್ಜೆ ಪಡೆದು ೧೯೩೮ರಲ್ಲಿ ಮರಳಿದರು.

ಆಕ್ಸ್‌ಫರ್ಡ್ ಅವರಿಗೆ ಪದವಿ ಕೊಟ್ಟಿತು. ಕಡಲು ಕೊಟ್ಟದ್ದು ‘ಸಮುದ್ರ ಗೀತೆಗಳು’. ೧೯೪೦ರಲ್ಲಿ ಪ್ರಕಟವಾದ ಈ ಸಂಕಲನ ಕಡಲಯಾನದ ಅನುಭವದಿಂದ ಮೂಡಿದ್ದು. ಪ್ರವಾಸದ ಗದ್ಯ ‘ಸಮುದ್ರದಾಚೆಯಿಂದ’ ಎಂಬ ಹೆಸರಿನಲ್ಲಿ ಬಂತು. ಅಷ್ಟಾದಶ ವರ್ಣನೆಯ ಸಮುದ್ರಕ್ಕೂ ಇದಕ್ಕೂ ಇರುವ ಅಂತರ ಓದುಗನಿಗೆ ಕೂಡಲೇ ತಿಳಿಯುತ್ತದೆ. ಅಲ್ಲಿ ಕವಿ ದಡದಾಚೆ ನಿಂತು ಅಲಂಕಾರ ಜೋಡಿಸುತ್ತಾನೆ; ಇಲ್ಲಿ ಕವಿಯ ಕಾಲ ಕೆಳಗಿನ ಹಲಗೆಯೇ ಅಲುಗಾಡುತ್ತಿದೆ. ಅಲುಗುವ ನೀರಿಗೆ ಅಳತೆ ಕಟ್ಟಿದ ಪದ್ಯ ಸಾಲದಾದಾಗ ಗೋಕಾಕರು ಮುಕ್ತ ಛಂದದ ಕಡೆ ತಿರುಗಿದರು. ಸಾಲುಗಳು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಮುಂದೆ ಕನ್ನಡದಲ್ಲಿ ನವ್ಯ ಕಾವ್ಯದ ಮಾತು ಎತ್ತಿದವರಲ್ಲಿ ಗೋಕಾಕರು ಮೊದಲಿಗರು. ಆ ಹಾದಿಯ ಆರಂಭದ ಹೆಜ್ಜೆಗಳನ್ನು ವಿಮರ್ಶಕರು ‘ಸಮುದ್ರ ಗೀತೆಗಳು’ ಸಂಕಲನದಲ್ಲಿ ಗುರುತಿಸುತ್ತಾರೆ. ೧೯೯೦ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಮೈಸೂರು ಸೀಮೆಯ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ನಂಜನಗೂಡಿನಲ್ಲಿ ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದರು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಹಡಗಿನ ಪ್ರಯಾಣ ಸುಮಾರು ಒಂದು ತಿಂಗಳು. ಇಪ್ಪತ್ತರ ಹರೆಯದ ಅವಿವಾಹಿತ ಹೆಣ್ಣುಮಗಳನ್ನು ಒಂಟಿಯಾಗಿ ಅಷ್ಟು ದೂರ ಕಳಿಸಿಕೊಟ್ಟ ಮನೆ ಆ ಕಾಲಕ್ಕೆ ಅಪರೂಪ. ಡಾಕ್ಟರೇಟ್ ಮುಗಿಸಿ ೧೯೫೩ರಲ್ಲಿ ಮರಳಿದ ಅವರು, ಮುಂದೆ ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯದ ಪ್ರಾಧ್ಯಾಪಕಿಯಾಗಿ ತಲೆಮಾರುಗಳಿಗೆ ಪಾಠ ಹೇಳಿದರು.

ಹಡಗಿನಿಂದ ಇಳಿದ ಮೇಲೆ

ಇಷ್ಟೆಲ್ಲ ಕಲಿತವರು ಮರಳಿ ಬಂದಾಗ ದಡ ಅವರನ್ನು ಹೇಗೆ ಬರಮಾಡಿಕೊಂಡಿತು? ಈ ಪ್ರಶ್ನೆಗೆ ಡಾ. ಬಿ.ಆರ್. ಅಂಬೇಡ್ಕರರ ಅನುಭವ ಅತ್ಯಂತ ಕಹಿಯಾದ ಉತ್ತರ. ಬರೋಡಾ ಮಹಾರಾಜರ ವೇತನದಿಂದ ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಲಂಡನ್ನಿಗೆ ಹೋದ ಅವರು ವೇತನದ ಅವಧಿ ಮುಗಿದು ೧೯೧೭ರಲ್ಲಿ ಹಿಂತಿರುಗಿದರು. ಮೊದಲ ಮಹಾಯುದ್ಧದ ದಿನಗಳು. ಅವರ ಪುಸ್ತಕ, ಸಾಮಾನುಗಳನ್ನು ಹೊತ್ತ ಹಡಗು ಟಾರ್ಪಿಡೋ ಏಟಿಗೆ ಮುಳುಗಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಕಡಲ ಪಾಲಾದವು.

ಕಡಲು ಕಿತ್ತುಕೊಂಡದ್ದು ಪುಸ್ತಕಗಳನ್ನು. ದಡ ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದನ್ನು. ವಿದೇಶದ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬ ಅರಿವೇ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅಂಬೇಡ್ಕರರು ಬರೆದುಕೊಂಡಿದ್ದಾರೆ. ಬರೋಡಾದಲ್ಲಿ ಇಳಿದ ಗಳಿಗೆಯಲ್ಲೇ ಎಲ್ಲಿ ತಂಗುವುದು, ಯಾರು ಮನೆ ಕೊಡುತ್ತಾರೆ ಎಂಬ ಪ್ರಶ್ನೆ ಎದುರಾಯಿತು. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಎಷ್ಟು ಪದವಿ ಪಡೆದು ಬಂದರೂ ಬಂದರಿನಲ್ಲಿ ಅವರಿಗಾಗಿ ಅದೇ ಹಳೆಯ ಜಾತಿ ಕಾದಿತ್ತು. ಹಡಗು ಒಳ್ಳೆಯ ಶಾಲೆ ನಿಜ. ಆದರೆ ದಡದಲ್ಲಿ ಉಳಿದವರು ಆ ಶಾಲೆಗೆ ಹೋಗಿರಲಿಲ್ಲ.

ಹಡಗನ್ನೇ ನಿಜವಾದ ಶಾಲೆಯಾಗಿಸುವ ಪ್ರಯತ್ನಗಳೂ ನಡೆದವು. ೧೯೨೬ರಲ್ಲಿ ‘ರಿಂಡಾಂ’ ಎಂಬ ಹಡಗು ಸುಮಾರು ೫೦೦ ಅಮೆರಿಕನ್ ವಿದ್ಯಾರ್ಥಿಗಳನ್ನೂ ಅವರ ಅಧ್ಯಾಪಕರನ್ನೂ ಹೊತ್ತು ‘ತೇಲುವ ವಿಶ್ವವಿದ್ಯಾಲಯ’ವಾಗಿ ಲೋಕ ಸುತ್ತಿತು. ೧೯೨೭ರಲ್ಲಿ ಮುಂಬಯಿ ಬಂದರಿನಲ್ಲಿ ‘ಡಫರಿನ್’ ತರಬೇತಿ ಹಡಗು ಆರಂಭವಾಯಿತು. ನಮ್ಮ ಹುಡುಗರು ಹಡಗಿನ ಅಧಿಕಾರಿಗಳಾಗಲು ಕಲಿತದ್ದು ಅದರಲ್ಲೇ. ಅದರ ಮೊದಲ ತಂಡದ ರಾಮದಾಸ ಕಟಾರಿಯವರು ೧೯೫೮ರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

೧೯೬೭ರ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿ, ಮತ್ತೆ ತೆರೆದದ್ದು ೧೯೭೫ರಲ್ಲಿ. ಅಷ್ಟರಲ್ಲಿ ವಿಮಾನ ಗೆದ್ದಿತ್ತು. ೨೦೧೯ರ ನವೆಂಬರಿನಲ್ಲಿ ಕಲಬುರಗಿಗೂ ವಿಮಾನ ನಿಲ್ದಾಣ ಬಂತು. ಇಂದು ಈ ಸೀಮೆಯ ಹುಡುಗ ಹುಡುಗಿಯರು ಬೆಳಗ್ಗೆ ಮನೆಯಲ್ಲಿ ರೊಟ್ಟಿ ತಿಂದು ಹೊರಟರೆ ಮರುದಿನ ಇನ್ನೊಂದು ಖಂಡದಲ್ಲಿರುತ್ತಾರೆ. ಐದೂವರೆ ಗಂಟೆಯ ವ್ಯತ್ಯಾಸ ಒಂದೇ ಏಟಿಗೆ ಮೈಮೇಲೆ ಬೀಳುತ್ತದೆ. ಇದಕ್ಕೆ ಮರುಗಬೇಕಾಗಿಲ್ಲ. ಹಡಗಿನ ಕಾಲದಲ್ಲಿ ಭಂಕೂರಿನಂಥ ಊರಿನ ಕೂಲಿಕಾರನ ಮಗಳಿಗೆ ಟಿಕೀಟು ಸಿಗುವ ಮಾತೇ ಇರಲಿಲ್ಲ. ವಿಮಾನದ ಕಾಲದಲ್ಲಿ ವಿದ್ಯಾರ್ಥಿವೇತನ ಸಿಕ್ಕರೆ ಆಕೆ ಹೋಗಬಲ್ಲಳು. ಕಳೆದುಹೋದದ್ದು, ಒಂದು ಊರು ಬಿಟ್ಟ ಮೇಲೆ ಇನ್ನೊ೦ದನ್ನು ಸೇರುವ ಮೊದಲು ಎರಡಕ್ಕೂ ಸೇರದೆ ಕಳೆಯಬಹುದಾಗಿದ್ದ ಕೆಲವು ದಿನಗಳು ಮಾತ್ರ. ನಕ್ಷತ್ರದ ಲೆಕ್ಕವೂ ಸಮುದ್ರದ ಕವಿತೆಯೂ ಆ ದಿನಗಳ ಬೆಳೆ.

ಮಕ್ಕಳನ್ನು ಓದಲು ದೂರ ಕಳಿಸುವ ಮನೆಯವರು ‘ಮುಟ್ಟಿದ ಕೂಡಲೇ ಫೋನ್ ಮಾಡು’ ಎನ್ನುತ್ತಾರೆ. ಹಿಂದಿನವರು ಏಡನ್‌ನಿಂದ ಬರುವ ಮೊದಲ ಕಾಗದಕ್ಕೆ ವಾರಗಟ್ಟಲೆ ಕಾಯುತ್ತಿದ್ದರು. ಆ ಕಾಗದದ ಅಂಚೆಚೀಲವೂ ಮುಂಬಯಿಯಿಂದ ಇದೇ ರೈಲಿನಲ್ಲಿ, ಒಂದು ಕಾಲಕ್ಕೆ ಕಡಲತಳವಾಗಿದ್ದ ಈ ಕಲ್ಲಿನ ಮೇಲೆಯೇ ಹಾದು ಹೈದರಾಬಾದಿಗೂ ಮದ್ರಾಸಿಗೂ ಹೋಗುತ್ತಿತ್ತು.